ವಾಪಸ್ ಕಳಿಸಿದ್ದನ್ನು ಸೆನ್ಸಾರ್ ಅನ್ನಬೇಡಿ

ನಮಸ್ಕಾರ.

ಶಾಲೆ ಮತ್ತು ಲೈಬ್ರರಿಗಳಲ್ಲಿ ಪುಸ್ತಕಗಳನ್ನು ಕಿತ್ತುಹಾಕುವ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಸಿಟ್ಟಿನಲ್ಲಿ, ಎರಡನೇ ಸಲ ಪೆನ್ಸಿಲ್ ಹಿಡಿದು. ಸಿಟ್ಟು ಬಂದಿದ್ದು ಜೊತೆಗಿದ್ದ ಪತ್ರದ ಕೊನೇ ಸಾಲಿಗೆ: "ಇದನ್ನು ಪ್ರಕಟಿಸದಿದ್ದರೆ ನೀವೂ ಸೆನ್ಸಾರ್ ಮಾಡಿದ ಹಾಗೆಯೇ." ಮೊದಲು ಅದನ್ನು ಮುಗಿಸಿಬಿಡೋಣ. ಪ್ರಕಟಿಸುತ್ತಿಲ್ಲ. ಸೆನ್ಸಾರೂ ಮಾಡುತ್ತಿಲ್ಲ. ಇದೇ ಲೇಖನವನ್ನು ನಾಳೆ ಬೇರೆ ಪತ್ರಿಕೆಗೆ ಕಳಿಸಿ, ನೀವೇ ಅಚ್ಚು ಹಾಕಿ ಹಂಚಿ, ನಾನು ಅಡ್ಡ ಬರುವುದಿಲ್ಲ. ಬೇರೆಯವರ ಕೈಗೂ ಸಿಗಬಾರದು ಅಂತ ಹಟ ಹಿಡಿದರೆ ಆಗ ನನ್ನನ್ನು ಬೈಯಿರಿ.

1953ರಲ್ಲಿ ಲೆಸ್ಟರ್ ಆಶೈಮ್ ಎಂಬ ಅಮೆರಿಕದ ಗ್ರಂಥಾಲಯ ವಿದ್ವಾಂಸರು ಈ ವ್ಯತ್ಯಾಸದ ಬಗ್ಗೆಯೇ ಒಂದು ಪ್ರಬಂಧ ಬರೆದರು. ಅವರ ಮಾತಿನ ಸಾರ ಇಷ್ಟು: ಪುಸ್ತಕ ಆರಿಸುವವರು ಅದನ್ನು ಇಟ್ಟುಕೊಳ್ಳೋಕೆ ಕಾರಣ ಹುಡುಕುತ್ತಾರೆ, ಸೆನ್ಸಾರ್ ಮಾಡುವವರು ಬೇಡ ಅನ್ನೋಕೆ ಕಾರಣ ಹುಡುಕುತ್ತಾರೆ. (ನಾನು ಮೊದಲನೇ ಗುಂಪಿನವನು ಅಂತ ಎಲ್ಲ ಸಂಪಾದಕರೂ ಹೇಳಿಕೊಳ್ಳುತ್ತಾರೆ, ಅದನ್ನೂ ಪೂರ್ತಿ ನಂಬಬೇಡಿ.) ನಿಮ್ಮ ಲೇಖನವನ್ನು ಇಟ್ಟುಕೊಳ್ಳೋಕೆ ನಾನು ಕಾರಣ ಹುಡುಕಿದೆ. ಒಂದೇ ಒಂದು ಸಿಕ್ಕಿತು, ಏಳನೇ ಪುಟದಲ್ಲಿ. ಅದಕ್ಕೆ ಆಮೇಲೆ ಬರುತ್ತೇನೆ.

ಮೊದಲ ಎರಡು ಪುಟ ಬರೀ ಗುಡುಗು. 'ಕಗ್ಗೊಲೆ' ಒಂಬತ್ತು ಸಲ ಬಂದಿದೆ, ಎಣಿಸಿದ್ದೇನೆ. ಶುರುವಾಗುವುದೇ ಪುಸ್ತಕಗಳ ರಾಶಿಗೆ ಬೆಂಕಿ ಹಚ್ಚುವ ದೃಶ್ಯದಿಂದ, ಆದರೆ ಅದು ಎಲ್ಲಿ, ಯಾವಾಗ, ಹಚ್ಚಿದವರು ಯಾರು ಅನ್ನೋದೇ ಇಲ್ಲ. ಬೆಂಕಿ ಬರೆಯೋದು ಸುಲಭ ಸ್ವಾಮಿ. ಓದುವವರಿಗೂ ಸುಲಭ, ನಾವಂತೂ ಹಾಗೆ ಮಾಡುವವರಲ್ಲ ಅಂತ ಆರಾಮಾಗಿ ಕೂತು ಓದಬಹುದು. ಆದರೆ ಶಾಲೆಯ ಕಪಾಟಿನಿಂದ ಪುಸ್ತಕ ಹೋಗುವಾಗ ಸಾಮಾನ್ಯವಾಗಿ ಹೊಗೆ ಏಳುವುದಿಲ್ಲ. ಒಂದು ಮೀಟಿಂಗ್ ಆಗುತ್ತದೆ. ಯಾರೋ ಒಂದು ಚೀಟಿ ಬರೆಯುತ್ತಾರೆ. ಸೋಮವಾರ ಬಂದು ನೋಡಿದರೆ ಕಪಾಟಿನಲ್ಲಿ ಒಂದು ಸಂದು ಇರುತ್ತದೆ, ಪಕ್ಕದ ಪುಸ್ತಕ ವಾಲಿಕೊಂಡು ಅದನ್ನೂ ಮುಚ್ಚಿರುತ್ತದೆ.

ನಿಮ್ಮ ಕೈಯಲ್ಲೇ ಅಂಥ ಒಂದು ಕಥೆ ಇತ್ತು. ನಾಲ್ಕನೇ ಪುಟದಲ್ಲಿ ನ್ಯೂಯಾರ್ಕ್ ರಾಜ್ಯದ ಐಲ್ಯಾಂಡ್ ಟ್ರೀಸ್ ಶಾಲೆಗಳ ಮೊಕದ್ದಮೆಯನ್ನು ಮೂರು ಸಾಲಿನಲ್ಲಿ ಮುಗಿಸಿ, "ಪುಸ್ತಕ ತೆಗೆಯುವಂತಿಲ್ಲ ಎಂದು 1982ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು" ಅಂತ ಬರೆದಿದ್ದೀರಿ. ಎರಡು ತಪ್ಪು. ಒಂದು, ಕೋರ್ಟ್ ಅಷ್ಟು ಹೇಳಲಿಲ್ಲ. ಎರಡು, ಕಥೆಯನ್ನೇ ಬಿಟ್ಟಿದ್ದೀರಿ.

ಕಥೆ ಹೀಗಿದೆ. 1975ರ ಸೆಪ್ಟೆಂಬರಿನಲ್ಲಿ ಅಲ್ಲಿನ ಶಾಲಾ ಮಂಡಳಿಯ ಕೆಲವರು ಒಂದು ಸಮ್ಮೇಳನಕ್ಕೆ ಹೋಗಿ, ಪೋಷಕರ ಸಂಘಟನೆಯೊಂದರಿಂದ 'ಆಕ್ಷೇಪಾರ್ಹ ಪುಸ್ತಕ'ಗಳ ಪಟ್ಟಿ ತಂದರು. ಹೋಲಿಸಿ ನೋಡಿದಾಗ ಹೈಸ್ಕೂಲಿನ ಲೈಬ್ರರಿಯಲ್ಲೇ ಒಂಬತ್ತು ಸಿಕ್ಕವು. 1976ರ ಫೆಬ್ರವರಿಯಲ್ಲಿ ಅವನ್ನು ಕಪಾಟಿನಿಂದ ತೆಗೆದು ಮಂಡಳಿಯ ಕಚೇರಿಗೆ ಕಳಿಸಿ ಅಂತ ಸೂಚನೆ ಹೋಯಿತು. ಯಾಕೆ ಗೊತ್ತಾ? ಮಂಡಳಿಯ ಸದಸ್ಯರು ಓದಬೇಕಿತ್ತು! ಮೊದಲು ತೆಗೆದದ್ದು, ಆಮೇಲೆ ಓದಿದ್ದು. ನಿಮ್ಮ ಹನ್ನೊಂದು ಪುಟದ ಕೋಪಕ್ಕಿಂತ ಈ ಹಿಂದುಮುಂದು ಜಾಸ್ತಿ ಹೇಳುತ್ತದೆ, ಅಲ್ವಾ?

ಇನ್ನೂ ಇದೆ. ಪುಸ್ತಕಗಳನ್ನು ಪರಿಶೀಲಿಸಲು ಮಂಡಳಿಯೇ ನಾಲ್ವರು ಪೋಷಕರು, ನಾಲ್ವರು ಶಾಲಾ ಸಿಬ್ಬಂದಿಯ ಸಮಿತಿ ಮಾಡಿತು. ಐದು ಪುಸ್ತಕ ಇರಲಿ, ಎರಡು ಬೇಡ ಅಂತ ಸಮಿತಿ ಹೇಳಿತು, ಉಳಿದವುಗಳಲ್ಲಿ ಕೆಲವದರ ಬಗ್ಗೆ ಒಮ್ಮತ ಮೂಡಲಿಲ್ಲ. ಮಂಡಳಿ ಅದನ್ನೂ ಪಕ್ಕಕ್ಕಿಟ್ಟು, ಒಂದೇ ಒಂದು ಪುಸ್ತಕವನ್ನು ನಿರ್ಬಂಧವಿಲ್ಲದೆ ವಾಪಸ್ ಕೊಟ್ಟಿತು. ಇನ್ನೊಂದನ್ನು ಪೋಷಕರ ಒಪ್ಪಿಗೆ ಇದ್ದರೆ ಮಾತ್ರ ಕೊಡಿ ಅಂದಿತು. ಕೋರ್ಟಿಗೆ ಹೋದವರು ವಿದ್ಯಾರ್ಥಿಗಳು, ಐದು ಜನ. ಕೊನೆಗೆ ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ವಿದ್ಯಾರ್ಥಿಗಳ ಪರ ನಿಂತರೂ ಐವರೂ ಒಪ್ಪಿದ ಒಂದೇ ಕಾರಣ ಇರಲಿಲ್ಲ. ಪುಸ್ತಕದಲ್ಲಿರುವ ವಿಚಾರ ಹಿಡಿಸಲಿಲ್ಲ ಅನ್ನೋ ಒಂದೇ ಕಾರಣಕ್ಕೆ ಲೈಬ್ರರಿಯಿಂದ ತೆಗೆಯುವಂತಿಲ್ಲ ಎಂಬ ಮಾತು ಬಂದದ್ದು ತೀರ್ಪಿನ ಮುಖ್ಯ ಅಭಿಪ್ರಾಯದಲ್ಲಿ, ಅದಕ್ಕೂ ಐವರ ಬಹುಮತ ಇರಲಿಲ್ಲ. ಅದರಲ್ಲೂ ಅಶ್ಲೀಲತೆಗಾಗಿ, ಶಿಕ್ಷಣಕ್ಕೆ ತಕ್ಕದ್ದಲ್ಲ ಅನ್ನೋ ಕಾರಣಕ್ಕಾಗಿ ತೆಗೆಯುವ ದಾರಿ ತೆರೆದೇ ಇತ್ತು. ಹಾಗಾಗಿ ಮುಂದಿನ ಜಗಳಗಳೆಲ್ಲ 'ಯಾಕೆ ತೆಗೆದಿರಿ' ಅನ್ನೋದರ ಸುತ್ತಲೇ ಸುತ್ತುತ್ತವೆ. ನೀವಿದನ್ನು ಗೆಲುವು ಅಂತ ಬರೆದು ಮುಂದೆ ಹೋಗಿದ್ದೀರಿ.

ಐದನೇ ಪುಟದಲ್ಲೂ ಇದೇ ಅವಸರ. ವಿಯೆಟ್ನಾಂ ಯುದ್ಧದ ವಿರುದ್ಧ ಮಕ್ಕಳು ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡ ಪ್ರಕರಣ, 1969ರ ತೀರ್ಪು, ವಿದ್ಯಾರ್ಥಿಗಳ ಹಕ್ಕು ಶಾಲೆಯ ಗೇಟಿನ ಹತ್ತಿರ ಕಳಚಿ ಬೀಳುವುದಿಲ್ಲ ಅನ್ನೋ ಮಾತು. ಸರಿ, ಚೆನ್ನಾಗಿದೆ. ಆದರೆ ಅಲ್ಲಿಗೇ ನಿಲ್ಲಿಸಿದರೆ ಓದುಗರಿಗೆ ಅರ್ಧ ಹೇಳಿ ಕಳಿಸಿದ ಹಾಗೆ. 1983ರ ಮೇ ತಿಂಗಳಲ್ಲಿ ಅಮೆರಿಕದ ಮಿಸೌರಿ ರಾಜ್ಯದ ಹೇಜಲ್‌ವುಡ್‌ನಲ್ಲಿ ಒಬ್ಬ ಪ್ರಿನ್ಸಿಪಾಲರು ಶಾಲಾ ಪತ್ರಿಕೆಯ ಎರಡು ಪುಟಗಳನ್ನೇ ತೆಗೆಸಿದರು. ಅವರಿಗೆ ಬೇಡವಾಗಿದ್ದು ಎರಡು ಲೇಖನ, ಒಂದು ವಿದ್ಯಾರ್ಥಿನಿಯರ ಬಸಿರಿನ ಬಗ್ಗೆ, ಇನ್ನೊಂದು ತಂದೆತಾಯಿಯ ವಿಚ್ಛೇದನದ ಬಗ್ಗೆ. ಅದೇ ಪುಟಗಳಲ್ಲಿದ್ದ ಬೇರೆ ಲೇಖನಗಳ ಬಗ್ಗೆ ಅವರಿಗೆ ತಕರಾರೇ ಇರಲಿಲ್ಲ, ಪುಟದ ಜೊತೆ ಅವೂ ಹೋದವು. 1988ರಲ್ಲಿ ಸುಪ್ರೀಂ ಕೋರ್ಟ್ ಪ್ರಿನ್ಸಿಪಾಲರ ಪರ ನಿಂತಿತು. ಶಾಲೆಯೇ ನಡೆಸುವ ಪತ್ರಿಕೆ, ಪಾಠದ ಭಾಗ, ಸರಿಯಾದ ಶೈಕ್ಷಣಿಕ ಕಾರಣವಿದ್ದರೆ ತಿದ್ದಬಹುದು ಅಂತ. ನಿಮಗೆ ಈ ತೀರ್ಪು ಇಷ್ಟವಾಗದೇ ಇರಬಹುದು, ನನಗೂ ಅಷ್ಟಕ್ಕಷ್ಟೇ. ಆದರೂ ಬರೆಯಬೇಕು. ಇಷ್ಟವಿಲ್ಲದ್ದನ್ನು ಕಪಾಟಿನಿಂದ ತೆಗೆಯಬೇಡಿ ಅಂತ ಬೇರೆಯವರಿಗೆ ಹೇಳುವ ಲೇಖನ ತಾನೇ ಇದು?

ಇನ್ನು ಆ ತಾಯಿಯ ವಿಷಯ. ಪುಸ್ತಕದ ಮೇಲೆ ದೂರು ಕೊಟ್ಟ ಹೆಂಗಸನ್ನು 'ಮೂಢೆ' ಅಂತ ಒಂದೇ ಪದದಲ್ಲಿ ಮುಗಿಸಿದ್ದೀರಿ. ಹತ್ತು ವರ್ಷದ ಮಗು ಪುಸ್ತಕದಲ್ಲಿ ಏನೋ ಓದಿ ರಾತ್ರಿ ಹೆದರಿ ಎದ್ದರೆ ತಾಯಿ ಶಾಲೆಗೆ ಹೋಗಿ ಕೇಳುವುದು ತಪ್ಪಲ್ಲ. ನನ್ನ ಮಗುವಿಗೆ ಈಗ ಬೇಡ ಅನ್ನುವುದು ಅವರ ಹಕ್ಕು. ಯಾರ ಮಗುವಿಗೂ ಬೇಡ ಅಂದಾಗಲೇ ತಕರಾರು. ನಿಮ್ಮ ವಾದ ನಿಲ್ಲಬೇಕಾದ್ದು ಈ ಗೆರೆಯ ಮೇಲೆ. ಆಕೆಗೂ ಒಂದು ಪೂರ್ತಿ ಪ್ಯಾರಾ ಕೊಡಿ, ಅವರ ಮಾತಿನಲ್ಲೇ. ಅಷ್ಟಕ್ಕೇ ನಿಮ್ಮ ವಾದ ಕುಸಿದುಬಿದ್ದರೆ, ಅದು ಮೊದಲೇ ಗಟ್ಟಿ ಇರಲಿಲ್ಲ ಅಂತ ಅರ್ಥ.

ಈಗ ಏಳನೇ ಪುಟ. "ನಮ್ಮ ಶಾಲೆಯ ಲೈಬ್ರರಿ ಮೇಡಂ ಒಂದು ಪುಸ್ತಕಕ್ಕೆ ಕಂದು ರಟ್ಟು ಹಾಕಿ ಮೇಜಿನ ಡ್ರಾಯರ್‌ನಲ್ಲಿ ಇಟ್ಟಿದ್ದರು, ಕೇಳಿದವರಿಗೆ ಮಾತ್ರ ಕೊಡುತ್ತಿದ್ದರು." ಒಂದೇ ವಾಕ್ಯ. ಮುಂದಿನದರಲ್ಲಿ ಮತ್ತೆ ಕಗ್ಗೊಲೆ.

ಅಯ್ಯೋ, ಲೇಖನ ಇರುವುದೇ ಅಲ್ಲಿ! ಆ ಮೇಡಂ ಪುಸ್ತಕವನ್ನು ಬಚ್ಚಿಟ್ಟರೋ, ಕಾಪಾಡಿದರೋ? ಕಪಾಟಿನಲ್ಲಿ ಇಟ್ಟಿದ್ದರೆ ಯಾರೋ ದೂರು ಕೊಟ್ಟು ಅದು ಪೂರ್ತಿ ಹೋಗುತ್ತಿತ್ತೇನೋ. ಡ್ರಾಯರ್‌ನಲ್ಲಿ ಇಟ್ಟಿದ್ದರಿಂದ, ಕೇಳುವ ಧೈರ್ಯ ಇಲ್ಲದ ಮಗುವಿಗೆ ಅದು ಸಿಗಲೇ ಇಲ್ಲವೇನೋ. 1959ರಲ್ಲಿ ಮಾರ್ಜರಿ ಫಿಸ್ಕ್ ಅವರು ಕ್ಯಾಲಿಫೋರ್ನಿಯಾದ ಲೈಬ್ರರಿಗಳ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಹೊರಗಿನವರು ಯಾರೂ ದೂರು ಕೊಡದಿದ್ದರೂ, ವಿವಾದ ಆದೀತು ಅಂತ ಗ್ರಂಥಪಾಲಕರೇ ಎಷ್ಟೋ ಪುಸ್ತಕಗಳನ್ನು ತರಿಸದೇ ಬಿಡುತ್ತಿದ್ದರು ಅನ್ನೋದು ಅದರಲ್ಲಿ ಕಂಡುಬಂತು. ತರಿಸದ ಪುಸ್ತಕಕ್ಕೆ ಮೊಕದ್ದಮೆ ಹೂಡುವವರು ಯಾರು?

ಇದು ನನಗೆ ಚುಚ್ಚುವುದಕ್ಕೆ ಕಾರಣ ಇದೆ. ಬಹಳ ವರ್ಷಗಳ ಹಿಂದೆ ಒಂದು ಶಾಲೆಯ ವಾರ್ಷಿಕ ಸಂಚಿಕೆ ತಿದ್ದಿಕೊಟ್ಟಿದ್ದೆ. ಒಬ್ಬ ಹುಡುಗಿ ತನ್ನ ತಂದೆಯ ಕುಡಿತದ ಬಗ್ಗೆ ಕವನ ಬರೆದಿದ್ದಳು. ತೆಗೆಯಿರಿ ಅಂತ ನನಗೆ ಯಾರೂ ಹೇಳಲಿಲ್ಲ. ಸುಮ್ನೆ ಯಾಕೆ ತಲೆನೋವು ಅಂತ ನಾನೇ ತೆಗೆದೆ. ಜಾಗ ಸಾಲಲಿಲ್ಲ ಅಂತ ಕಾರಣ ಕೊಟ್ಟೆ. ಜಾಗ ಇತ್ತು.

ಆದ್ದರಿಂದ ಮತ್ತೆ ಬರೆಯಿರಿ. ಬೆಂಕಿ ಬೇಡ. ಡ್ರಾಯರ್‌ನಿಂದ ಶುರು ಮಾಡಿ, ಐಲ್ಯಾಂಡ್ ಟ್ರೀಸ್‌ಗೆ ಹೋಗಿ, ವಾಪಸ್ ಡ್ರಾಯರ್‌ಗೇ ಬನ್ನಿ. ಸಾವಿರದೈನೂರು ಪದ ಸಾಕು. ತೀರ್ಪುಗಳನ್ನು ಬರೆಯುವ ಮೊದಲು ತೀರ್ಪನ್ನೇ ಓದಿ, ಅದರ ಬಗ್ಗೆ ಯಾರೋ ಬರೆದದ್ದನ್ನಲ್ಲ. ಮೇಡಂ ಸಿಗುವ ಹಾಗಿದ್ದರೆ ಹೋಗಿ ಕೇಳಿ, ಯಾರಿಗೆ ಹೆದರಿ ಇಟ್ಟಿದ್ದರು ಅಂತ.

ಇನ್ನೊಂದು ಪ್ರಶ್ನೆ, ಎರಡೂ ಸಲ ಓದಿದಾಗ ಬಂದದ್ದು. ಆ ಡ್ರಾಯರ್‌ನ ಪುಸ್ತಕವನ್ನು ನೀವು ಕೇಳಿದಿರಾ? ಅದನ್ನು ಎಲ್ಲೂ ಬರೆದಿಲ್ಲ.