ಗಾಯಕ ಬಿಟ್ಟುಹೋದ ಮೇಲೆ ಹಳೆಯ ಶೈಲಿಯ ಹಾಂಕಿ-ಟಾಂಕ್ ಬ್ಯಾಂಡನ್ನು ಮತ್ತೆ ಕಟ್ಟುವುದು ಹೇಗೆ?

ಊರಿನ ಹೆಸರೊಂದನ್ನು ಬದಲಾಯಿಸಿದರೆ ನೀವು ಬರೆದಿರುವುದು ನಮ್ಮ ಬ್ಯಾಂಡಿನ ಕಥೆಯೇ. ಬಾರುಗಳ ಕುಣಿತಕ್ಕೆಂದು ನುಡಿಸುವ ಅಮೆರಿಕದ ಹಳೆಯ ಕಂಟ್ರಿ ಸಂಗೀತವಾದ ಹಾಂಕಿ-ಟಾಂಕ್ ನಿಮ್ಮದು. ನಿಮ್ಮ ಮುಖ್ಯ ಗಾಯಕರೂ, ಪೆಡಲ್ ಸ್ಟೀಲ್ (ಅಡ್ಡಲಾಗಿ ಇಟ್ಟು, ತಂತಿಗಳ ಮೇಲೆ ಉಕ್ಕಿನ ಪಟ್ಟಿ ಜಾರಿಸುತ್ತಾ ಪೆಡಲ್ ತುಳಿದು ನುಡಿಸುವ ಗಿಟಾರ್) ನುಡಿಸುವವರೂ ಒಟ್ಟಿಗೇ ಹೊರಟುಹೋಗಿದ್ದಾರೆ. ಅದೇ ದನಿಯ ಇನ್ನೊಬ್ಬರನ್ನು ಹುಡುಕಿ ಹಾಗೆಯೇ ಮುಂದುವರಿಯಬೇಕೇ, ಇಲ್ಲವೇ 1950ರ ದಶಕದ ಶೈಲಿಯನ್ನೇ ಕೈಬಿಟ್ಟು ಈಗಿನ ಕಂಟ್ರಿ ಸಂಗೀತಕ್ಕೆ ಹೊರಳಬೇಕೇ ಎಂಬುದು ನಿಮ್ಮ ಪ್ರಶ್ನೆ. ನೀವು ಕನ್ನಡಿಗರು, ಕಂಟ್ರಿ ಸಂಗೀತದ ತವರಾದ ನ್ಯಾಶ್ವಿಲ್‌ನಲ್ಲಿ ಬೇಸ್ ನುಡಿಸುತ್ತೀರಿ. ನಾನು ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಹಗಲು ಸಾಫ್ಟ್‌ವೇರ್ ಬರೆದು, ವಾರಾಂತ್ಯದಲ್ಲಿ ಫಿಡಲ್, ಅಂದರೆ ಕಂಟ್ರಿ ಸಂಗೀತದ ಪಿಟೀಲು, ನುಡಿಸುವವನು. ಮೈಸೂರಿನಲ್ಲಿ ಚಿಕ್ಕಂದಿನಿಂದ ಕಲಿತ ಕರ್ನಾಟಕ ಸಂಗೀತದ ಪಿಟೀಲೇ ನನ್ನನ್ನು ಈ ಬ್ಯಾಂಡಿಗೆ ತಂದದ್ದು, ಮತ್ತು ಅಲ್ಲಿ ಕಲಿತ ಮೊದಲ ಪಾಠವನ್ನೇ ಮರೆತು ಆ ಬ್ಯಾಂಡನ್ನು ಹೆಚ್ಚುಕಡಿಮೆ ಮುಳುಗಿಸಿದವನೂ ನಾನೇ.

ನಮ್ಮ ಗಾಯಕರು ಹೆಂಡತಿಯ ಊರಾದ ಒಕ್ಲಹೋಮಾಕ್ಕೆ ಹೋಗಿ ನೆಲೆಸಲು ತೀರ್ಮಾನಿಸಿದರು. ಅವರ ಹಿಂದೆಯೇ, ಕುಣಿತದ ಬಾರುಗಳ ರಾತ್ರಿಬಾಳು ಸಾಕಾಯಿತೆಂದು ಸ್ಟೀಲ್ ನುಡಿಸುತ್ತಿದ್ದ ಹಿರಿಯರೂ ನಿಂತರು. ಉಳಿದ ನಾವು ನಾಲ್ವರು ಹಲವರ ದನಿ ಕೇಳಿ ನೋಡಿ, ಕೊನೆಗೆ ಹಗಲು ಶಾಲೆಯ ಬಸ್ ಓಡಿಸುತ್ತಿದ್ದ ಒಬ್ಬ ಹೆಣ್ಣುಮಗಳನ್ನು ಒಪ್ಪಿಕೊಂಡೆವು. ಅಂಥ ಕಂಠವನ್ನು ನಾನು ಅಷ್ಟು ಹತ್ತಿರದಿಂದ ಅದಕ್ಕೆ ಮೊದಲು ಕೇಳಿರಲಿಲ್ಲ. ಗಿಟಾರ್ ನುಡಿಸುವವರ ಮನೆಯ ಗ್ಯಾರೇಜಿನಲ್ಲಿ ಮೊದಲ ತಾಲೀಮು ನಡೆದಾಗ ಎರಡನೆಯ ಹಾಡಿನ ನಡುವೆ ಆಕೆ ನಿಲ್ಲಿಸಿ, ಜಿ ಕೀಯಲ್ಲಿರುವ (ಅಂದರೆ ಜಿ ಸ್ವರವನ್ನೇ ಷಡ್ಜವಾಗಿ ಹಿಡಿದ) ಇದನ್ನು ಬಿ ಫ್ಲ್ಯಾಟ್‌ಗೆ ಏರಿಸಬಹುದೇ ಎಂದು ಕೇಳಿದರು. ಗಿಟಾರಿನವರು ಆಗಲೇ ಶ್ರುತಿ ಏರಿಸುವ ಕ್ಲಿಪ್ಪಾದ ಕೇಪೋ ತೆಗೆದುಕೊಂಡು ಮೂರನೆಯ ಫ್ರೆಟ್ಟಿಗೆ ಸಿಕ್ಕಿಸಿಕೊಂಡಿದ್ದರು. ನಾನು ಬೇಡವೆಂದೆ. ಆ ಹಾಡು ಜನರಿಗೆ ಜಿಯಲ್ಲೇ ರೂಢಿಯಾಗಿದೆ, ಕೀ ಬದಲಾಯಿಸಿದರೆ ನಮ್ಮ ಬ್ಯಾಂಡಿನ ಗುರುತೇ ಅಳಿಸಿಹೋಗುತ್ತದೆ ಎಂದು ವಾದಿಸಿದೆ.

ಈ ವಾದ ಎಷ್ಟು ಪೊಳ್ಳು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನಿಮ್ಮ ಬ್ಯಾಂಡಿನಲ್ಲೂ ಯಾರೋ ಒಬ್ಬರು ಇದನ್ನೇ ಹೇಳಲಿದ್ದಾರೆ. ಫಿಡಲ್‌ನ ನಾಲ್ಕು ತಂತಿಗಳನ್ನು ಜಿ, ಡಿ, ಎ, ಇ ಎಂದು ಕೂಡಿಸಿರುತ್ತಾರೆ. ಹಾಡು ಜಿ ಕೀಯಲ್ಲಿದ್ದರೆ ಜಿ ತಂತಿಯೇ ಷಡ್ಜ, ಪಕ್ಕದ ಡಿ ತಂತಿಯೇ ಪಂಚಮ. ಬೆರಳನ್ನೇ ಇಡದೆ ಎರಡೂ ತಂತಿಗಳ ಮೇಲೆ ಕಮಾನು ಎಳೆದರೆ ತಂಬೂರಿಯಂತೆ ತುಂಬಿದ ನಾದ ಹೊರಡುತ್ತದೆ. ಡಿ ಕೀಯಲ್ಲೂ ಹೀಗೆಯೇ, ಡಿ ಷಡ್ಜ, ಎ ಪಂಚಮ. ಹಾಂಕಿ-ಟಾಂಕ್ ಫಿಡಲ್‌ನ ಅರ್ಧ ಸೊಗಸು ಹೀಗೆ ಜೋಡಿ ತಂತಿಗಳನ್ನು ಒಟ್ಟಿಗೆ ನುಡಿಸುವುದರಲ್ಲಿದೆ. ಬಿ ಫ್ಲ್ಯಾಟ್‌ಗೆ ಹೋದ ಕೂಡಲೇ ಷಡ್ಜವೂ ಪಂಚಮವೂ ಯಾವ ಖಾಲಿ ತಂತಿಯಲ್ಲೂ ಸಿಗುವುದಿಲ್ಲ, ಹೆಚ್ಚಿನ ಜೋಡಿಗಳಲ್ಲಿ ಎರಡೂ ತಂತಿಗಳನ್ನು ಬೆರಳಿನಿಂದ ಒತ್ತಬೇಕು, ಕಿರುಬೆರಳು ಸೋಲುತ್ತದೆ. ಪ್ರತಿ ಹಾಡಿಗೂ ಕೀ ಬದಲಾಗುವುದರಿಂದ ನಮ್ಮ ಕಛೇರಿಗಳಲ್ಲಿ ಮಾಡುವಂತೆ ತಂತಿಗಳನ್ನೇ ಬೇರೆ ಶ್ರುತಿಗೆ ಕೂಡಿಸಿಕೊಂಡು ಕೂರಲೂ ಆಗುವುದಿಲ್ಲ. ಸ್ಟೀಲ್‌ನವರಿಗೆ ಕೈಯಲ್ಲಿರುವ ಉಕ್ಕಿನ ಪಟ್ಟಿಯನ್ನು ಮೂರು ಫ್ರೆಟ್ ಮೇಲೆ ಸರಿಸಿದರೆ ಮುಗಿಯಿತು, ಬೇಸ್‌ನವರಿಗೂ ಇದು ದೊಡ್ಡ ತೊಡಕಲ್ಲ. ತೊಂದರೆಯಿದ್ದದ್ದು ಇಡೀ ಬ್ಯಾಂಡಿನಲ್ಲಿ ನನಗೊಬ್ಬನಿಗೆ. ಅದನ್ನು ನಾನು ಬ್ಯಾಂಡಿನ ಪರಂಪರೆ ಎಂದು ಕರೆದೆ.

ಮೈಸೂರಿನಲ್ಲಿ ಗಾಯಕರು ಬಂದು ಕುಳಿತು ತಂಬೂರಿಯ ಶ್ರುತಿ ಹಿಡಿಯುವ ತನಕ ಪಕ್ಕವಾದ್ಯದವರು ಬಿರಡೆ ಮುಟ್ಟುತ್ತಿರಲಿಲ್ಲ. ಗಾಯಕಿ ಹಾಡುವ ದಿನ ಶ್ರುತಿ ಏರುತ್ತಿತ್ತು, ಗಾಯಕರು ಹಾಡುವ ದಿನ ಇಳಿಯುತ್ತಿತ್ತು. ಕಂಠಕ್ಕೆ ವಾದ್ಯ ಹೊಂದಿಕೊಳ್ಳಬೇಕೇ ಹೊರತು ವಾದ್ಯಕ್ಕೆ ಕಂಠವಲ್ಲ ಎಂಬುದನ್ನು ನಮಗೆ ಯಾರೂ ಬಾಯಿಬಿಟ್ಟು ಹೇಳಿಕೊಟ್ಟದ್ದೂ ಇಲ್ಲ, ಅದು ಅಷ್ಟು ಸಹಜವಾಗಿತ್ತು. ಅದೇ ನಾನು ಸಮುದ್ರ ದಾಟಿ ಬಂದು, ಫಿಡಲ್‌ಗೆ ಅನುಕೂಲವಾಗಲೆಂದು ಒಬ್ಬ ಗಾಯಕಿಯನ್ನು ತನ್ನದಲ್ಲದ ಶ್ರುತಿಯಲ್ಲಿ ಹಾಡಿಸಿದೆ.

ಆದದ್ದು ಇಷ್ಟು. ಜಿ ಕೀಯಲ್ಲಿ ಹಾಡಿನ ಚರಣಗಳು ಆಕೆಯ ಮಂದ್ರಸ್ಥಾಯಿಯ ತಳಕ್ಕೆ ಬೀಳುತ್ತಿದ್ದವು, ಅಲ್ಲಿ ದನಿಯಿತ್ತು, ಕಸುವಿರಲಿಲ್ಲ. ಮೈಕಿನ ವಾಲ್ಯೂಮ್ ಏರಿಸಿದರೆ ಸ್ಪೀಕರುಗಳು ಕೂಗುತ್ತಿದ್ದವು, ಅದಕ್ಕಾಗಿ ಡ್ರಮ್ಸನ್ನೂ ಗಿಟಾರನ್ನೂ ತಗ್ಗಿಸಿದರೆ ಕುಣಿಯುವವರ ಕಾಲಿಗೆ ತಾಳ ಮುಟ್ಟುತ್ತಿರಲಿಲ್ಲ. ಟೂ-ಸ್ಟೆಪ್ ಎಂಬ ಜೋಡಿಕುಣಿತ ಕುಣಿಯುವ ಟೆಕ್ಸಸ್‌ನ ಹಿರಿಯ ಜೋಡಿಗಳು ದೂರು ಹೇಳುವವರಲ್ಲ. ಹಾಡು ಮುಗಿದಾಗ ಟೋಪಿ ಸರಿಪಡಿಸಿಕೊಂಡು ಮೇಜಿನ ಕಡೆಗೆ ನಡೆಯುತ್ತಾರೆ, ಮುಂದಿನ ಹಾಡಿಗೆ ಏಳುವುದಿಲ್ಲ. ಹೊಸದಾಗಿ ಬಂದಿದ್ದ ಸ್ಟೀಲ್‌ನ ಹುಡುಗನಿಗೆ ಹಳೆಯ ರೆಕಾರ್ಡಿಂಗ್‌ಗಳನ್ನು ಕೊಟ್ಟು ಅದರಂತೆಯೇ ನುಡಿಸು ಎಂದಿದ್ದೆವು, ಅವನೂ ನಿಧಾನವಾಗಿ ಬರುವುದನ್ನು ನಿಲ್ಲಿಸಿದ. ಬಾರಿನವರು ನಮ್ಮ ವಾರದ ರಾತ್ರಿಯನ್ನು ಇನ್ನೊಂದು ಬ್ಯಾಂಡಿಗೆ ಕೊಟ್ಟರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಮಾಡುತ್ತಿದ್ದೆ. ಆಕೆ ಹೋಗುವಾಗ ಜಗಳವಾಡಲಿಲ್ಲ. ಮುಂದೆ ಬೇರೆ ಬ್ಯಾಂಡಿನಲ್ಲಿ ಅದೇ ಹಾಡುಗಳಲ್ಲಿ ಒಂದನ್ನು ಆಕೆ ಬಿ ಫ್ಲ್ಯಾಟ್‌ನಲ್ಲಿ ಹಾಡಿದ್ದನ್ನು ಕೇಳಿದೆ. ಕುಣಿಯುವವರಿಂದ ನೆಲ ತುಂಬಿತ್ತು.

ಆದ್ದರಿಂದ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪುವುದಿಲ್ಲ. ಹಳೆಯದೋ ಹೊಸದೋ ಎಂಬುದು ನಿಮ್ಮ ಮುಂದಿರುವ ಆಯ್ಕೆಯೇ ಅಲ್ಲ. ಖಾಲಿ ಕುರ್ಚಿಗೆ ಹೊಂದುವವರನ್ನು ಹುಡುಕುವುದನ್ನು ನಿಲ್ಲಿಸಿ, ಈಗ ಹಾಡುವವರು ಯಾರು, ಅವರ ಕಂಠ ಎಲ್ಲಿ ಅರಳುತ್ತದೆ ಎಂದು ನೋಡಿ, ಅಲ್ಲಿಂದ ಉಳಿದದ್ದನ್ನೆಲ್ಲ ಕಟ್ಟಬೇಕು. ಇದು ನನ್ನ ಸ್ವಂತ ಸಿದ್ಧಾಂತವೂ ಅಲ್ಲ. 1953ರ ಜನವರಿ 1ರಂದು ಹಾಂಕಿ-ಟಾಂಕ್‌ನ ಮಹಾನ್ ಗಾಯಕ ಹ್ಯಾಂಕ್ ವಿಲಿಯಮ್ಸ್ ತೀರಿಕೊಂಡ ಮೇಲೆ ಅವರ ಸ್ನೇಹಿತ, ಗಾಯಕ ರೇ ಪ್ರೈಸ್, ಹ್ಯಾಂಕ್‌ರ ಡ್ರಿಫ್ಟಿಂಗ್ ಕೌಬಾಯ್ಸ್ ಬ್ಯಾಂಡಿನ ವಾದ್ಯದವರನ್ನೇ ಇಟ್ಟುಕೊಂಡು ಹಾಡತೊಡಗಿದರು. ಜಗತ್ತಿನಲ್ಲಿ ಅದಕ್ಕಿಂತ ಸಿದ್ಧವಾದ ಹಾಂಕಿ-ಟಾಂಕ್ ಬ್ಯಾಂಡ್ ಇರಲಿಲ್ಲ, ಆದರೆ ಆ ಬ್ಯಾಂಡಿನೊಂದಿಗೆ ತಾನು ಹ್ಯಾಂಕ್‌ರ ನೆರಳಿನಂತೆ ಕೇಳಿಸುತ್ತೇನೆಂದು ಪ್ರೈಸ್‌ಗೆ ಅರಿವಾಯಿತು. ಅದನ್ನು ಬಿಟ್ಟು ಚೆರೋಕೀ ಕೌಬಾಯ್ಸ್ ಎಂಬ ತಮ್ಮದೇ ಬ್ಯಾಂಡ್ ಕಟ್ಟಿದರು. 1956ರ ಹೊತ್ತಿಗೆ, ನಡೆಯುವಂತೆ ಸಾಗುವ ಬೇಸ್‌ನ ಮೇಲೆ ನಿಂತ ಅವರ ಷಫಲ್ ಎಂಬ ತೂಗುವ ತಾಳದ ನಡೆ ರೇಡಿಯೋದಲ್ಲಿ ಗೆದ್ದಿತ್ತು. ಇಂದು ನೀವೂ ನಾನೂ ಅಪ್ಪಟ ಹಳೆಯ ಶೈಲಿಯೆಂದು ನುಡಿಸುವುದು ಅದನ್ನೇ. ಮುಂದೆ ಹೆಸರಾದ ಗಾಯಕರು ವಿಲ್ಲಿ ನೆಲ್ಸನ್, ರೋಜರ್ ಮಿಲ್ಲರ್, ಜಾನಿ ಬುಷ್ ಎಲ್ಲರೂ ಆ ಬ್ಯಾಂಡಿನಲ್ಲಿ ದುಡಿದು ಹೊರಬಂದವರು.

ನಿಮ್ಮ ಊರಿನ ಉದಾಹರಣೆ ಬೇಕಾದರೆ ನ್ಯಾಶ್ವಿಲ್‌ನ ಬ್ರಾಡ್‌ವೇ ಬೀದಿಯ ರಾಬರ್ಟ್ಸ್ ವೆಸ್ಟರ್ನ್ ವರ್ಲ್ಡ್ ಇದೆ. ಬೂಟಿನ ಅಂಗಡಿಯೂ ಬಾರೂ ಒಂದೇ ಆಗಿದ್ದ ಆ ಜಾಗದಲ್ಲಿ 1990ರ ದಶಕದಲ್ಲಿ ಟಿಪ್ಸ್ ಹಣಕ್ಕೆ ನುಡಿಸುತ್ತಾ ಬಿಆರ್5-49 ಎಂಬ ಬ್ಯಾಂಡ್ ಹೆಸರು ಮಾಡಿತು. ಚಕ್ ಮೀಡ್ ಮತ್ತು ಗ್ಯಾರಿ ಬೆನೆಟ್ ಇಬ್ಬರೂ ಅದರ ಮುಂದಾಳು ಗಾಯಕರು. ಹೊಸ ಶತಮಾನದ ಆರಂಭದಲ್ಲಿ ಬೆನೆಟ್ ಮತ್ತು ಬೇಸ್ ನುಡಿಸುತ್ತಿದ್ದ ಜೇ ಮ್ಯಾಕ್‌ಡವೆಲ್ ಹೊರಟುಹೋದಾಗ, ಉಳಿದವರು ಬೆನೆಟ್‌ರಂತೆ ಹಾಡುವ ಇನ್ನೊಬ್ಬರನ್ನು ಹುಡುಕಲಿಲ್ಲ. ಬ್ಯಾಂಜೋ ಮಾಂತ್ರಿಕ ಅರ್ಲ್ ಸ್ಕ್ರಗ್ಸ್‌ರ ಮೊಮ್ಮಗ, ಆಗಿನ್ನೂ ಎಳೆಯ ಹುಡುಗನಾಗಿದ್ದ ಕ್ರಿಸ್ ಸ್ಕ್ರಗ್ಸ್‌ರನ್ನು ಕರೆತಂದು, 2004ರಲ್ಲಿ ಅವರ ದನಿಯೂ ಇರುವ ಆಲ್ಬಮ್ ಹೊರತಂದರು. ಮುಂದೆ ಅವರೂ ಹೋದರು, ಬ್ಯಾಂಡ್ 2006ರಲ್ಲಿ ಇನ್ನೊಂದು ಆಲ್ಬಮ್ ಮಾಡಿತು. ಅದೇ ರಾಬರ್ಟ್ಸ್ ಬಾರಿನ ಈಗಿನ ಮಾಲೀಕರಾದ ಜೆಸ್ಸಿ ಲೀ ಜೋನ್ಸ್ ಬ್ರೆಜಿಲ್‌ನಿಂದ ಬಂದವರು, ಬ್ರೆಜಿಲ್‌ಬಿಲ್ಲಿ ಎಂಬ ಬ್ಯಾಂಡನ್ನು ಅಲ್ಲಿಯೇ ನಡೆಸುತ್ತಾರೆ. ಕನ್ನಡದ ಹುಡುಗನೊಬ್ಬ ಈ ಸಂಗೀತವನ್ನು ಬದಲಾಯಿಸಬಹುದೇ ಎಂಬ ಅಳುಕು ನಿಮ್ಮ ಪ್ರಶ್ನೆಯ ಸಾಲುಗಳ ನಡುವೆ ಕಾಣುತ್ತದೆ. ಜೋನ್ಸ್‌ರ ಹಾಡು ಒಂದು ಸಂಜೆ ಕೇಳಿ ಬನ್ನಿ.

ಶುದ್ಧ ಶೈಲಿಯ ಬಗ್ಗೆ ನಿಮಗಿರುವ ಆತಂಕಕ್ಕೆ ಹೆಚ್ಚು ಬರೆಯುವುದಿಲ್ಲ. ಬಾರಿನ ಗದ್ದಲದಲ್ಲಿ ಕೇಳಿಸಬೇಕೆಂಬ ಒಂದೇ ಕಾರಣಕ್ಕೆ ಈ ಸಂಗೀತಕ್ಕೆ ಎಲೆಕ್ಟ್ರಿಕ್ ಗಿಟಾರ್ ಬಂದದ್ದು. ಪೆಡಲ್ ಸ್ಟೀಲ್‌ನ ಆ ಜಾರುವ ದನಿ ಜನಪ್ರಿಯವಾದದ್ದು ಗಾಯಕ ವೆಬ್ ಪಿಯರ್ಸ್‌ರ 1954ರ ರೆಕಾರ್ಡಿನಲ್ಲಿ ಬಡ್ ಐಸಾಕ್ಸ್ ಅದನ್ನು ನುಡಿಸಿದ ಮೇಲೆ. ಅದಕ್ಕೆ ಮೊದಲೇ ಹ್ಯಾಂಕ್ ವಿಲಿಯಮ್ಸ್ ತೀರಿಕೊಂಡಿದ್ದರು. ಹೀಗಿರುವಾಗ ಯಾವ ವರ್ಷದ ಶುದ್ಧತೆಯನ್ನು ನೀವು ಕಾಪಾಡಲು ಹೊರಟಿದ್ದೀರಿ?

ನಾವು ಎರಡನೆಯ ಸಲ ಕಟ್ಟಿದಾಗ ಮಾಡಿದ್ದನ್ನು ಹೇಳುತ್ತೇನೆ, ನಿಮಗೂ ಅದನ್ನೇ ಮಾಡಿ ಎನ್ನುತ್ತೇನೆ. ಹಿಂದೆ ಬರೀ ಜೊತೆದನಿ ಕೊಡುತ್ತಿದ್ದ ನಮ್ಮ ಡ್ರಮ್ಸ್‌ನವರು ಹಾಡಲು ಒಪ್ಪಿದರು. ಮೊದಲ ತಾಲೀಮಿನಲ್ಲಿ ವಾದ್ಯಗಳನ್ನು ಪೆಟ್ಟಿಗೆಯಲ್ಲೇ ಬಿಟ್ಟು, ಒಂದು ಗಿಟಾರ್ ಮಾತ್ರ ಹಿಡಿದು, ಅವರು ಪ್ರತಿ ಹಾಡನ್ನೂ ಮೂರು ನಾಲ್ಕು ಕೀಗಳಲ್ಲಿ ಹಾಡಿ ನೋಡಿದರು. ದನಿ ಎಲ್ಲಿ ತಾನಾಗಿ ತೆರೆಯಿತೋ ಆ ಕೀಯನ್ನು ಹಾಡಿನ ಹೆಸರಿನ ಮುಂದೆ ಬರೆದುಕೊಂಡೆವು. ಎಲ್ಲೂ ತೆರೆಯದ ಹಾಡುಗಳನ್ನು, ಅವು ಎಷ್ಟೇ ಹೆಸರಾಗಿದ್ದರೂ, ಕೈಬಿಟ್ಟೆವು. ಪಟ್ಟಿ ಅರ್ಧಕ್ಕಿಳಿಯಿತು, ಆ ಜಾಗಕ್ಕೆ ಅವರ ಭಾರವಾದ ದನಿಗೆ ಒಪ್ಪುವ, ಮೂರೆಣಿಕೆಯ ತಾಳದ ವಾಲ್ಟ್ಸ್‌ಗಳೂ ನಿಧಾನ ಗತಿಯ ಷಫಲ್‌ಗಳೂ ಬಂದವು. ಎಫ್ ಮತ್ತು ಬಿ ಫ್ಲ್ಯಾಟ್‌ಗಳಲ್ಲಿ ಜೋಡಿ ತಂತಿ ನುಡಿಸುವುದನ್ನು ನಾನು ಹೊಸದಾಗಿ, ವರಸೆಗಳನ್ನು ಕಲಿಯುವ ಮಗುವಿನ ಹಾಗೆ, ಬೆಳಗ್ಗೆ ಕೂತು ಅಭ್ಯಾಸ ಮಾಡಿದೆ. ಕಿರುಬೆರಳು ಈಗಲೂ ನೋಯುತ್ತದೆ, ಇರಲಿ.

ಸ್ಟೀಲ್‌ಗಾಗಿ ಆತುರಪಟ್ಟು ಯಾರನ್ನೂ ತರಬೇಡಿ. ಆ ಜಾಗವನ್ನು ಕೆಲವು ತಿಂಗಳು ಖಾಲಿ ಬಿಟ್ಟು, ಗಿಟಾರ್ ಮತ್ತು ಫಿಡಲ್ ಗಾಯಕರ ಸಾಲುಗಳ ನಡುವಿನ ಬಿಡುವನ್ನು ತುಂಬಲಿ. ಬಂದವರಿಗೆ ಹಳೆಯ ರೆಕಾರ್ಡಿಂಗ್ ಕೊಡದೆ ಹೊಸ ಕೀಗಳ ಪಟ್ಟಿಯನ್ನು ಕೊಡಿ. ಬ್ಯಾಂಡಿನ ಹೆಸರನ್ನು, ಬಿಟ್ಟುಹೋದವರು ಅದರ ಮೇಲೆ ಹಕ್ಕು ಕೇಳದಿದ್ದರೆ, ಉಳಿಸಿಕೊಳ್ಳಿ. ಅದನ್ನು ಫೋನಿನಲ್ಲಿ ಮಾತಾಡಿ ಮುಗಿಸದೆ ಬರವಣಿಗೆಯಲ್ಲಿ ಪಡೆದುಕೊಳ್ಳಿ. ಅವರು ಬರೆದ ಹಾಡುಗಳನ್ನು ಬಾರಿನಲ್ಲಿ ನುಡಿಸಲು ಸಾಮಾನ್ಯವಾಗಿ ಬಾರಿನವರು ಪಡೆದಿರುವ ಪರವಾನಗಿಯೇ ಸಾಕಾಗುತ್ತದೆ, ಆದರೆ ಮತ್ತೆ ರೆಕಾರ್ಡ್ ಮಾಡುವುದಾದರೆ ಬೇರೆ ಪರವಾನಗಿ ಪಡೆದು ರಾಯಧನ ಕೊಡಬೇಕಾಗುತ್ತದೆ. ನಮ್ಮ ಹಳೆಯ ಗಾಯಕರಿಗೆ ನಾನು ಈ ಬಗ್ಗೆ ಪತ್ರ ಬರೆದಾಗ ಅವರು ಎಲ್ಲಕ್ಕೂ ಒಪ್ಪಿ, ಡ್ರಮ್ಸ್‌ನವರು ಯಾವ ಕೀಯಲ್ಲಿ ಹಾಡುತ್ತಿದ್ದಾರೆ ಎಂದಷ್ಟೇ ವಿಚಾರಿಸಿದ್ದರು.