'ಬ್ರೋಕನ್ ಬ್ಲಾಸಮ್ಸ್': ಕರುಣೆ ಮತ್ತು ಅದರ ಮಿತಿ

ಪ್ರಶ್ನೆ: ಅಮೆರಿಕದ ಬಿಳಿಯ ಜನಾಂಗವಾದಿಗಳ ಕು ಕ್ಲಕ್ಸ್ ಕ್ಲಾನ್ ಸಂಘಟನೆಯನ್ನು ವೈಭವೀಕರಿಸಿ 1915ರಲ್ಲಿ 'ದಿ ಬರ್ತ್ ಆಫ್ ಎ ನೇಷನ್' ತೆಗೆದ ಡಿ. ಡಬ್ಲ್ಯು. ಗ್ರಿಫಿತ್, 1919ರಲ್ಲಿ ಲಂಡನ್ನಿನ ಚೀನೀ ವಲಸಿಗನೊಬ್ಬನನ್ನು ಕುರಿತು 'ಬ್ರೋಕನ್ ಬ್ಲಾಸಮ್ಸ್' ಎಂಬ ಮೂಕಿಚಿತ್ರ ನಿರ್ದೇಶಿಸಿದರು. ಇದನ್ನು ಜನಾಂಗದ್ವೇಷದ ವಿರುದ್ಧದ ಚಿತ್ರವೆಂದು ಒಪ್ಪಬಹುದೇ?

ಉತ್ತರ: ಒಪ್ಪಬಹುದು, ಆದರೆ ಪೂರ್ತಿಯಾಗಿ ಅಲ್ಲ. ಬುದ್ಧನ ಶಾಂತಿಸಂದೇಶವನ್ನು ಪಶ್ಚಿಮಕ್ಕೆ ಮುಟ್ಟಿಸುವ ಹಂಬಲದಿಂದ ಹೊರಟ ಚೆಂಗ್ ಹುವಾನ್, ಕೊನೆಗೆ ಲೈಮ್‌ಹೌಸ್ ಬಡಾವಣೆಯಲ್ಲಿ ಅಂಗಡಿ ಇಟ್ಟುಕೊಂಡು, ಅಫೀಮಿಗೆ ಶರಣಾಗಿ ಬದುಕುತ್ತಾನೆ. ಒಂದು ದೃಶ್ಯದಲ್ಲಿ ಪಾದ್ರಿಯೊಬ್ಬ, ಚೀನೀಯರನ್ನು ಮತಾಂತರಿಸಲು ತನ್ನ ಸಹೋದರ ಹೊರಟಿದ್ದಾನೆಂದು ತಿಳಿಸಿ, ನರಕದ ಕುರಿತ ಪುಸ್ತಿಕೆಯೊಂದನ್ನು ಚೆಂಗ್‌ನ ಕೈಗಿಡುತ್ತಾನೆ. ಚೆಂಗ್ ಶುಭ ಹಾರೈಸುತ್ತಾನೆ, ಅಷ್ಟೆ. ನಾಗರಿಕತೆ ಯಾರ ಬಳಿ ಇದೆ ಎಂಬುದನ್ನು ಚಿತ್ರ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಹೇಳುವುದಿಲ್ಲ. ಅವನು ಆಶ್ರಯ ಕೊಡುವ ಲೂಸಿ, ಕುಡುಕ ಮುಷ್ಟಿಕಾಳಗಗಾರ ತಂದೆಯ ಹೊಡೆತಕ್ಕೆ ಸಿಕ್ಕಿ ನಲುಗಿದ ಹುಡುಗಿ. ತಂದೆ ನಗಬೇಕೆಂದು ಗದರಿದಾಗ ಆಕೆ ಎರಡು ಬೆರಳುಗಳಿಂದ ತುಟಿಯಂಚನ್ನು ಮೇಲಕ್ಕೆ ತಳ್ಳಿ ನಗು ತಂದುಕೊಳ್ಳುವ ಬಗೆಯನ್ನು ಲಿಲಿಯನ್ ಗಿಶ್ ಅಭಿನಯದಲ್ಲಿ ಒಮ್ಮೆ ಕಂಡವರು ಮರೆಯಲಾರರು. ವರ್ಷಗಟ್ಟಲೆ ಮಗಳನ್ನು ಲೆಕ್ಕಿಸದ ಆ ತಂದೆಗೆ, ಅವಳು ಚೀನೀಯನ ಮನೆಯಲ್ಲಿದ್ದಾಳೆಂದು ತಿಳಿದ ಕ್ಷಣ ಕುಲದ ಮಾನ ನೆನಪಾಗುತ್ತದೆ. ಪೂರ್ವಗ್ರಹದ ಸ್ವಭಾವವನ್ನು ಗ್ರಿಫಿತ್ ಇಲ್ಲಿ ನಿಜಕ್ಕೂ ಗ್ರಹಿಸಿದ್ದಾರೆ.

ಮಿತಿಯೂ ಅಷ್ಟೇ ನಿಚ್ಚಳವಾಗಿದೆ. ಚೆಂಗ್‌ನ ಪಾತ್ರ ವಹಿಸಿದವರು ಬಿಳಿಯ ನಟ ರಿಚರ್ಡ್ ಬಾರ್ತಲ್‌ಮೆಸ್. ಅರೆಮುಚ್ಚಿದ ಕಣ್ಣು, ಬಾಗಿದ ಬೆನ್ನುಗಳಿಂದಲೇ ಅವರು ಚೀನೀಯರಾಗುತ್ತಾರೆ. ಜಪಾನಿನ ಸೆಸ್ಯು ಹಯಕಾವಾ ಆಗಲೇ ಹಾಲಿವುಡ್ಡಿನ ದೊಡ್ಡ ತಾರೆಯಾಗಿ, ಸ್ವಂತ ನಿರ್ಮಾಣ ಸಂಸ್ಥೆಯನ್ನೂ ನಡೆಸುತ್ತಿದ್ದ ಕಾಲವದು, ಹಾಗಾಗಿ ಏಷ್ಯಾದ ನಟರು ಸಿಗುತ್ತಿರಲಿಲ್ಲವೆನ್ನುವಂತಿಲ್ಲ. ಚೀನೀ ಕಾರ್ಮಿಕರ ಪ್ರವೇಶವನ್ನು ತಡೆದ 1882ರ ಕಾನೂನು ಅಮೆರಿಕದಲ್ಲಿ ಇನ್ನೂ ಜಾರಿಯಲ್ಲಿತ್ತು. ಕ್ಯಾಲಿಫೋರ್ನಿಯಾ ಸೇರಿದಂತೆ ಹಲವು ರಾಜ್ಯಗಳಲ್ಲಿ ಬಿಳಿಯರು ಏಷ್ಯಾದವರನ್ನು ಮದುವೆಯಾಗುವಂತಿರಲಿಲ್ಲ. ಆದ್ದರಿಂದಲೇ ಲೂಸಿಯ ಮುಖದ ಹತ್ತಿರಕ್ಕೆ ಬಾಗಿದ ಚೆಂಗ್, ಆಕೆ ಬೆದರಿದ್ದನ್ನು ಕಂಡು ಹಿಂದೆ ಸರಿದು, ಅವಳ ಉಡುಪಿನ ತೋಳಿಗಷ್ಟೇ ಮುತ್ತಿಡುತ್ತಾನೆ. ಆಸೆಯನ್ನು ಅದುಮಿಕೊಂಡು, ಯಾರಿಗೂ ಅಪಾಯವಾಗದೆ ಉಳಿದರೆ ಮಾತ್ರ ಹೊರಗಿನವನು ಪ್ರೇಕ್ಷಕರ ಕರುಣೆಗೆ ಅರ್ಹನಾಗುತ್ತಾನೆ ಎಂಬುದು ನನಗೆ ಚಿತ್ರದ ಅತ್ಯಂತ ನೋವಿನ ಸಂಗತಿ.

ಆಫ್ರಿಕನ್ ಅಮೆರಿಕನ್ ನಿರ್ದೇಶಕ ಆಸ್ಕರ್ ಮಿಶೋ ಅವರ 'ವಿಥಿನ್ ಅವರ್ ಗೇಟ್ಸ್' (1920) ಚಿತ್ರವನ್ನೂ ಇದರ ಜೊತೆಗೇ ನೋಡಿ. ದ್ವೇಷವನ್ನು ಅನುಭವಿಸಿದವರೇ ಕ್ಯಾಮೆರಾ ಹಿಡಿದಾಗ ಪಾತ್ರಗಳು ಕರುಣೆಗಾಗಿ ಕಾಯುವುದಿಲ್ಲ, ನ್ಯಾಯವನ್ನೇ ಕೇಳುತ್ತವೆ.