ಜಪಾನಿನ ಯುವಾಸಾ ಮಾಕೊತೊ ಬಡವರಿಗಾಗಿ ನಿಜಕ್ಕೂ ಮಾಡಿದ್ದೇನು?

ಪ್ರಶ್ನೆ: ಜಪಾನಿನಲ್ಲಿ ಬಡವರಿಗೆ ಸರ್ಕಾರವೇ ತಿಂಗಳ ಖರ್ಚಿಗೆ ಹಣ ಕೊಡುತ್ತದಂತೆ. ಹಾಗಿದ್ದೂ ಜನ ರಾತ್ರಿಯಿಡೀ ತೆರೆದಿರುವ ಇಂಟರ್ನೆಟ್ ಕೆಫೆಗಳಲ್ಲಿ ಮಲಗುವುದೇಕೆ? ಈ ವಿಷಯದಲ್ಲಿ ಲೇಖಕ ಯುವಾಸಾ ಮಾಕೊತೊ ಅವರ ಹೆಸರು ಪದೇಪದೇ ಬರುತ್ತದೆ. ಅವರು ಮಾಡಿದ್ದಾದರೂ ಏನು?

ಉತ್ತರ: ಬಾಡಿಗೆ ಕರಾರಿನಿಂದ ಶುರು ಮಾಡಿದರೆ ಎರಡಕ್ಕೂ ಉತ್ತರ ಸಿಗುತ್ತದೆ.

ಟೋಕಿಯೊದಲ್ಲಿ ಮನೆ ಹಿಡಿಯಲು ಅಡ್ವಾನ್ಸ್, ಮೊದಲ ತಿಂಗಳ ಬಾಡಿಗೆ, ದಲ್ಲಾಳಿ ಕಮಿಷನ್ ಕೊಡಬೇಕು. ಜೊತೆಗೆ ಅನೇಕ ಕಡೆ 'ರೇಕಿನ್' ಎಂದು ಮಾಲೀಕರಿಗೆ ಕಾಣಿಕೆ ಬೇರೆ, ಅದು ವಾಪಸ್ ಬರುವ ದುಡ್ಡಲ್ಲ. ಹಣವನ್ನು ಹೇಗಾದರೂ ಹೊಂದಿಸಬಹುದು. ಆದರೆ ಬಾಡಿಗೆ ಬಾಕಿ ಬಿದ್ದರೆ ತಾನು ಕಟ್ಟುತ್ತೇನೆಂದು ಸಹಿ ಹಾಕುವ ಜಾಮೀನುದಾರರೂ ಬೇಕು, ರೂಢಿಯಲ್ಲಿ ಅಪ್ಪನೋ ಅಣ್ಣನೋ. ಬೀದಿಗೆ ಬಿದ್ದವರಲ್ಲಿ ಬಹಳಷ್ಟು ಮಂದಿಗೆ ಮನೆಯವರ ಜೊತೆ ಮಾತುಕತೆಯೇ ಇರುವುದಿಲ್ಲ. ಯುವಾಸಾ (ಜನನ 1969) ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಓದಿದವರು, 1995ರಿಂದ ಶಿಬುಯಾದ ಬೀದಿವಾಸಿಗಳ ನಡುವೆ ಕೆಲಸ ಮಾಡಿದವರು. 2001ರಲ್ಲಿ ಇನಾಬಾ ತ್ಸುಯೋಶಿ ಮತ್ತಿತರರ ಜೊತೆ 'ಮೋಯಾಯ್' ಎಂಬ ಸಂಸ್ಥೆ ಕಟ್ಟಿದಾಗ ಅವರು ಮೊದಲು ಕೈ ಹಾಕಿದ್ದೇ ಈ ಗಂಟಿಗೆ: ಸಂಸ್ಥೆಯೇ ಜಾಮೀನು ನಿಂತಿತು. ಮೋಯಾಯ್ ಎಂದರೆ ದೋಣಿಗೆ ದೋಣಿ ಕಟ್ಟಿ ನಿಲ್ಲಿಸುವುದು.

ಇನ್ನು ಸರ್ಕಾರದ ಹಣದ ವಿಚಾರ. 'ಸೇಕಾತ್ಸು ಹೋಗೊ' ಎಂಬ ಈ ನೆರವಿಗೆ 1950ರ ಕಾಯ್ದೆಯ ಬಲವಿದೆ. ದಿನದ ಖರ್ಚು, ಬಾಡಿಗೆ, ಚಿಕಿತ್ಸೆ, ಅಂತ್ಯಸಂಸ್ಕಾರ ಸೇರಿ ಎಂಟು ಬಗೆಯ ಸಹಾಯ ಅದರಲ್ಲಿದೆ. ಟೋಕಿಯೊದ 23 ವಾರ್ಡ್‌ಗಳಲ್ಲಿ ಒಂಟಿ ವ್ಯಕ್ತಿಗೆ ಬಾಡಿಗೆ ಬಾಬ್ತು ಸಿಗುವುದು ತಿಂಗಳಿಗೆ 53,700 ಯೆನ್‌ವರೆಗೆ. ಕಾಗದದ ಮೇಲೆ ಒಳ್ಳೆಯ ಕಾನೂನೇ. ಕೆಡುವುದು ಕೌಂಟರಿನಲ್ಲಿ.

ಅಲ್ಲಿ ಮೊದಲು ನಡೆಯುವುದು 'ಸಮಾಲೋಚನೆ'. ಅರ್ಜಿಯ ಮಾತು ಆಮೇಲೆ. 'ಇನ್ನೂ ವಯಸ್ಸಿದೆ, ಕೆಲಸ ಹುಡುಕಿ', 'ಅಣ್ಣನನ್ನು ಕೇಳಿ ನೋಡಿ', 'ವಿಳಾಸ ಇಲ್ಲದೆ ಹೇಗೆ?' ಎಂದು ಮಾತಾಡಿಸಿ ಕಳಿಸಿದರೆ ಅರ್ಜಿ ಹುಟ್ಟುವುದೇ ಇಲ್ಲ. ಹುಟ್ಟದ ಅರ್ಜಿಯನ್ನು ತಿರಸ್ಕರಿಸಬೇಕಾದ ಅಗತ್ಯವೂ ಇಲ್ಲ! ಶತ್ರು ದಡ ಹತ್ತುವ ಮೊದಲೇ ತಡೆಯುವ ಸೈನ್ಯದ ತಂತ್ರದ ಹೆಸರನ್ನೇ ಜನ ಇದಕ್ಕಿಟ್ಟಿದ್ದಾರೆ: 'ಮಿಝುಗಿವಾ ಸಾಕುಸೆನ್'. ಯುವಾಸಾ 2005ರಲ್ಲಿ ಅರ್ಜಿ ಹಾಕುವವರಿಗೆಂದೇ ಒಂದು ಕೈಪಿಡಿ ಬರೆದರು. ಮೋಯಾಯ್‌ನವರು ಕಚೇರಿಗೆ ಜೊತೆಯಲ್ಲಿ ಹೋಗತೊಡಗಿದರು.

ಜೊತೆಗೆ ಹೋದವರು ಮಾಡುವ ಕೆಲಸ ಸಣ್ಣದು. 'ವಿಚಾರಿಸಲು ಬಂದಿಲ್ಲ, ಅರ್ಜಿ ಹಾಕಲು ಬಂದಿದ್ದೇವೆ' ಎಂದು ಮೊದಲೇ ಸ್ಪಷ್ಟವಾಗಿ ಹೇಳುವುದು. ಫಾರಂ ಕೊಡದಿದ್ದರೆ ಹೆಸರು, ತಾರೀಖು, ಈಗ ಇರುವ ಜಾಗ, ಕಾರಣ ಬರೆದ ತಮ್ಮದೇ ಕಾಗದ ಕೊಡುವುದು. ವಿಳಾಸ ಕೇಳಿದರೆ 1950ರ ಕಾಯ್ದೆಯ 19ನೇ ವಿಧಿ ತೋರಿಸುವುದು: ಮನೆಯಿಲ್ಲದವರು ಎಲ್ಲಿದ್ದಾರೋ ಅಲ್ಲಿನ ಕಚೇರಿಯೇ ಹೊಣೆ. ಅರ್ಜಿ ಬಿದ್ದ ಮೇಲೆ 14 ದಿನದಲ್ಲಿ ತೀರ್ಮಾನ ಹೇಳಬೇಕು, ವಿಶೇಷ ಕಾರಣವಿದ್ದರೆ 30 ದಿನ. ಮಂಜೂರಾಯಿತೆಂದು ನಿರಾಳವಾಗುವ ಹಾಗಿಲ್ಲ. ಎಷ್ಟೋ ಮಂದಿಯನ್ನು ಒಂದೇ ಕೋಣೆಯಲ್ಲಿ ಹಲವರನ್ನು ತುಂಬುವ ಖಾಸಗಿ ವಸತಿಗೆ ಕಳಿಸುತ್ತಾರೆ, ಅಲ್ಲಿ ಊಟ-ಬಾಡಿಗೆಯ ಹೆಸರಲ್ಲಿ ನೆರವಿನ ಬಹುಪಾಲು ಕಡಿತ. ಬಡತನವನ್ನೇ ಬಂಡವಾಳ ಮಾಡಿಕೊಂಡ ಇಂಥ ದಂಧೆಗೆ 'ಹಿಂಕೊನ್ ಬಿಸಿನೆಸ್' ಎಂಬ ಹೆಸರನ್ನು ಬಳಕೆಗೆ ತಂದದ್ದೂ ಯುವಾಸಾ.

ಬಹಳ ಜನ ಹಿಂದೆಗೆಯುವುದು ಇನ್ನೊಂದು ಕಡೆ. ಅರ್ಜಿ ಹಾಕಿದರೆ ಕಚೇರಿಯಿಂದ ತಂದೆ-ತಾಯಿ, ಒಡಹುಟ್ಟಿದವರಿಗೆ 'ಇವರನ್ನು ನೀವು ನೋಡಿಕೊಳ್ಳಬಲ್ಲಿರಾ?' ಎಂಬ ಪತ್ರ ಹೋಗುತ್ತದೆ. ಊರಿಗೆ ಗೊತ್ತಾಗುವುದಕ್ಕಿಂತ ಹಸಿದಿರುವುದೇ ಮೇಲು ಎನ್ನುವವರಿದ್ದಾರೆ. ಇನಾಬಾ ಮತ್ತಿತರರ ಒತ್ತಾಯದ ಮೇಲೆ 2021ರಲ್ಲಿ ಆರೋಗ್ಯ-ಕಾರ್ಮಿಕ ಸಚಿವಾಲಯ ಈ ನಿಯಮವನ್ನು ಸಡಿಲಿಸಿತು, ಪೂರ್ತಿ ತೆಗೆಯಲಿಲ್ಲ.

ಯುವಾಸಾ ಹೆಸರು ಮನೆಮಾತಾದದ್ದು ಟೆಂಟುಗಳಿಂದ. 2004ರಲ್ಲಿ ಕಾರ್ಖಾನೆಗಳಿಗೂ ಏಜೆನ್ಸಿ ಕಾರ್ಮಿಕರನ್ನು ಕಳಿಸಲು ಕಾನೂನು ಒಪ್ಪಿತ್ತು. ಅವರಲ್ಲಿ ಅನೇಕರು ಇದ್ದದ್ದು ಕೆಲಸದ ಜೊತೆ ಕೊಟ್ಟ ಕೊಠಡಿಗಳಲ್ಲಿ. 2008ರ ಕೊನೆಯಲ್ಲಿ ಕೆಲಸ ಹೋಯಿತು, ಕೊಠಡಿಯೂ ಹೋಯಿತು. ಸರ್ಕಾರಿ ಕಚೇರಿಗಳಿಗೋ ಡಿಸೆಂಬರ್ 29ರಿಂದ ಜನವರಿ 3ರವರೆಗೆ ರಜೆ. ಸರಿಯಾಗಿ ಆಗಲೇ, ಡಿಸೆಂಬರ್ 31ರಂದು, ಟೋಕಿಯೊದ ಹಿಬಿಯಾ ಪಾರ್ಕಿನಲ್ಲಿ ಕಾರ್ಮಿಕ ಸಂಘಗಳ ಜೊತೆ 'ಹಾಕೆನ್ ಮುರಾ', ಅಂದರೆ ಏಜೆನ್ಸಿ ಕಾರ್ಮಿಕರ ಹಳ್ಳಿ, ತೆರೆದರು. ಯುವಾಸಾ ಅದರ ಗ್ರಾಮಮುಖ್ಯಸ್ಥ. ಸುಮಾರು 500 ಜನ ಬಂದರು, ಟೆಂಟು ಸಾಲಲಿಲ್ಲ. ರಸ್ತೆಯಾಚೆಗೇ ಇದ್ದ ಆರೋಗ್ಯ-ಕಾರ್ಮಿಕ ಸಚಿವಾಲಯ ಜನವರಿ 2ರ ರಾತ್ರಿ ತನ್ನ ಸಭಾಂಗಣ ತೆರೆಯಬೇಕಾಯಿತು. ಪಾರ್ಕಿನ ಶಿಬಿರ 5ರಂದು ಮುಗಿಯಿತು. ಆ ವರ್ಷವೇ, 2009ರಲ್ಲಿ, ಯುವಾಸಾ ಸರ್ಕಾರದ ಸಲಹೆಗಾರರಾದರು. ಈಗ ಅವರ ಗಮನ ಮಕ್ಕಳಿಗೆ ಉಚಿತವಾಗಿಯೋ ಕಡಿಮೆ ದರಕ್ಕೋ ಊಟ ಹಾಕುವ 'ಮಕ್ಕಳ ಊಟದ ಮನೆ'ಗಳ ಕಡೆಗಿದೆ.

ಅವರ ಬರವಣಿಗೆಯಲ್ಲಿ ಎರಡು ಮಾತು ತಿಳಿದರೆ ಉಳಿದದ್ದು ಬಿಡಿಸಿಕೊಳ್ಳುತ್ತದೆ. ಒಂದು, 'ಸುಬೆರಿದೈ ಶಾಕೈ', ಜಾರುಬಂಡೆ ಸಮಾಜ. ಬೀಳುವವರನ್ನು ಹಿಡಿದುಕೊಳ್ಳಲು ಉದ್ಯೋಗ, ವಿಮೆ, ಸರ್ಕಾರದ ನೆರವು ಎಂಬ ಮೂರು ಬಲೆಗಳಿದ್ದರೂ ಮೂರಕ್ಕೂ ತೂತು, ಒಮ್ಮೆ ಜಾರಿದರೆ ನಡುವೆ ಹಿಡಿಯಲು ಏನೂ ಇಲ್ಲ. ಇನ್ನೊಂದು 'ತಮೆ'. 'ತಮೆಇಕೆ' ಎಂದರೆ ನಮ್ಮ ಊರುಗಳ ಕೆರೆಯಂತೆ ನೀರು ಹಿಡಿದಿಡುವ ಜಾಗ. ಕೆರೆ ದೊಡ್ಡದಿದ್ದರೆ ಒಂದು ವರ್ಷ ಮಳೆ ಕೈಕೊಟ್ಟರೂ ಪೈರು ಉಳಿಯುತ್ತದೆ. ಉಳಿತಾಯ ಒಂದು ಕೆರೆ, ನೆಂಟರು-ಗೆಳೆಯರು ಒಂದು, 'ನನ್ನ ಕೈಲಾಗುತ್ತದೆ' ಎಂಬ ಧೈರ್ಯ ಇನ್ನೊಂದು. ಬಡತನವೆಂದರೆ ಈ ಎಲ್ಲ ಕೆರೆಗಳೂ ಬತ್ತಿದ ಸ್ಥಿತಿ. ಅಲ್ಲಿಗೆ ಬಂದವರಿಗೆ 'ಪ್ರಯತ್ನಪಡು' ಎನ್ನುವುದು ಏಕೆ ಕೆಲಸ ಮಾಡುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ವಿವರಣೆ ನನಗೆ ಕಂಡಿಲ್ಲ.

ಕೊನೆಗೆ ಒಂದು ಎಚ್ಚರಿಕೆ. ಜಪಾನಿನ ಬೀದಿವಾಸಿಗಳು 2003ರಲ್ಲಿ 25,296 ಇದ್ದರು, 2024ರಲ್ಲಿ 2,820ಕ್ಕೆ ಇಳಿದರು ಎಂಬ ಅಂಕಿ ನಿಮಗೆ ಸಿಗುತ್ತದೆ. ಎರಡೂ ಸರಿ. ಆದರೆ 2002ರ ಕಾಯ್ದೆಯ ಪ್ರಕಾರ ಪಾರ್ಕು, ನದಿ ದಡ, ರಸ್ತೆ, ನಿಲ್ದಾಣಗಳಂಥ ಕಡೆ ವಾಸಿಸುವವರಷ್ಟೇ ಲೆಕ್ಕಕ್ಕೆ. ನೀವು ಕೇಳಿದ ಕೆಫೆಯವರು ಅದರಲ್ಲಿಲ್ಲ. ಟೋಕಿಯೊ ಆಡಳಿತ 2018ರಲ್ಲಿ ಪ್ರಕಟಿಸಿದ ಸಮೀಕ್ಷೆಯಂತೆ, ಆ ಒಂದು ನಗರದ ಕೆಫೆಗಳಲ್ಲೇ ವಾರದ ದಿನಗಳಲ್ಲಿ ರಾತ್ರಿಗೆ ಸುಮಾರು 4,000 ಮನೆಯಿಲ್ಲದವರು ಮಲಗುತ್ತಿದ್ದರು.